ಒಂದೇ ದಿನ ಹುಟ್ಟಿದ ಎರಡು ವಿ.ವಿ.ಗಳು, ಆಡುವ ಮಕ್ಕಳು

ನಮ್ಮ ಕೊಣಾಜೆಯ ಮಂಗಳೂರು ವಿ.ವಿ.ಗೂ ಕಲಬುರಗಿಯ ಗುಲ್ಬರ್ಗ ವಿ.ವಿ.ಗೂ ಹುಟ್ಟಿದ ದಿನ ಒಂದೇ: 1980ರ ಸೆಪ್ಟೆಂಬರ್ 10. ಕೊಣಾಜೆಯದು ಮೊದಲು ಮೈಸೂರು ವಿ.ವಿ.ಯ ಸ್ನಾತಕೋತ್ತರ ಕೇಂದ್ರ, ಕಲಬುರಗಿಯದು ಧಾರವಾಡದ ಕರ್ನಾಟಕ ವಿ.ವಿ.ಯದು. ಅಲ್ಲಿಯವರೆಗೆ ಆ ಕಡೆಯ ಕಾಲೇಜು ಹುಡುಗ ವಿ.ವಿ. ತಂಡದಲ್ಲಿ ಆಡಬೇಕಾದರೆ ಧಾರವಾಡದ ತಂಡಕ್ಕೇ ಆಯ್ಕೆಯಾಗಬೇಕಿತ್ತು.

ಕಲಬುರಗಿಗೆ ಸ್ವಂತ ತಂಡ ಬಂದರೂ ಬೀದರ್‌ನಿಂದ ಬಳ್ಳಾರಿವರೆಗಿನ ಕಾಲೇಜುಗಳಿಗೆಲ್ಲ ಅದೊಂದೇ. 2010ರಲ್ಲಿ ಬಳ್ಳಾರಿ, ಕೊಪ್ಪಳಕ್ಕೆ ಬೇರೆ ವಿ.ವಿ. ಆಯಿತು. ಈಚೆಗೆ ರಾಯಚೂರು, ಬೀದರ್‌ಗೂ ಆಯಿತು. ಹೀಗೆ ಆಟಗಾರರು ಹಂಚಿಹೋದರು, ತಂಡದ ಬಲ ಕುಗ್ಗಬಹುದು. ಆದರೆ ಉಳಿದ ಊರುಗಳ ಮಕ್ಕಳಿಗೆ ಪೈಪೋಟಿಯೂ ಕಡಿಮೆ. ಹುಮನಾಬಾದ್ ರಸ್ತೆಯಲ್ಲಿ ಕೆಂಬಾಳೆಗೆ ಹೆಸರಾದ ಕಮಲಾಪುರವಿದೆ. ಅಲ್ಲಿನ ಹುಡುಗನಿಗೆ ತಂಡದ ಬಾಗಿಲು ಈಗ ಹತ್ತಿರ.

ದಾರಿ ಎಲ್ಲ ಕಡೆಯೂ ಒಂದೇ. ಮೊದಲು ಅಂತರ ಕಾಲೇಜು ಪಂದ್ಯ, ಅಲ್ಲಿ ಮಿಂಚಿದವರಿಗೆ ಆಯ್ಕೆ ಶಿಬಿರ, ನಂತರ ದಕ್ಷಿಣ ವಲಯ, ಕೊನೆಗೆ ಅಖಿಲ ಭಾರತ ಅಂತರ ವಿ.ವಿ. ಕೂಟ. ವಯಸ್ಸು 17ರಿಂದ 25ರ ಒಳಗೆ ಇರಬೇಕು, ಕಾಲೇಜಿನಲ್ಲಿ ಓದುತ್ತಿರಬೇಕು.

ನಾವು ಯೋಚಿಸಬೇಕಾದ್ದು ಇಲ್ಲೇ. ಪಿಯುಸಿ ಮುಗಿದ ಕೂಡಲೇ ಅಂಗಡಿ, ಇಲ್ಲವೇ ಗಲ್ಫ್ ಅಂತ ಮಗನನ್ನು ಕಳಿಸಿಬಿಟ್ಟರೆ ಅವನಿಗೆ ಈ ಬಾಗಿಲು ತೆರೆಯುವುದೇ ಇಲ್ಲ. ಮದರಸದ ಅಂಗಳದಲ್ಲಿ ಎಷ್ಟು ಚುರುಕಾಗಿ ಓಡಿದರೇನು, ಡಿಗ್ರಿಗೆ ಸೇರದವನಿಗೆ ವಿ.ವಿ.ಯ ಜೆರ್ಸಿ ಸಿಗದು. ಹೆಣ್ಮಕ್ಕಳಿಗೂ ಈ ಮಾತು ಅಷ್ಟೇ ಸತ್ಯ. ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಅಲ್ಲಿನ ದೈಹಿಕ ಶಿಕ್ಷಣ ನಿರ್ದೇಶಕರನ್ನೂ ಒಮ್ಮೆ ಕಂಡು ಬನ್ನಿ.