ಫಿನೋಬಾರ್ಬಿಟೋನ್: ಶತಮಾನ ದಾಟಿದ ಮಾತ್ರೆ, ಮನೆಮಂದಿಯ ಹೊಣೆ

ನಟರಾಜನ ವಿಗ್ರಹವನ್ನು ಗಮನವಿಟ್ಟು ನೋಡಿದವರಿಗೆ ಆತನ ಪಾದದಡಿ ಬಿದ್ದಿರುವ ಕುಬ್ಜಾಕೃತಿಯ ಪರಿಚಯವಿದ್ದೇ ಇರುತ್ತದೆ. ಅವನ ಹೆಸರು ಅಪಸ್ಮಾರ. ಸ್ಮೃತಿ ತಪ್ಪುವುದು ಎಂಬರ್ಥದ ಈ ಪದವನ್ನೇ ಆಯುರ್ವೇದ ಗ್ರಂಥಗಳು ಮೂರ್ಛೆರೋಗಕ್ಕೆ ಬಳಸಿವೆ. ಶಿವನು ಅಪಸ್ಮಾರನನ್ನು ಕೊಲ್ಲಲಿಲ್ಲ, ಅದುಮಿ ಹಿಡಿದಿದ್ದಾನೆ ಎಂಬುದು ಪ್ರತೀತಿ. ಮೂರ್ಛೆರೋಗಕ್ಕೆ ಇಂದಿನ ವೈದ್ಯರು ಕೊಡುವ ಮಾತ್ರೆಗಳ ಕೆಲಸವೂ ಬಹುಮಟ್ಟಿಗೆ ಇದೇ. ಅವು ರೋಗದ ಬೇರನ್ನು ಕೀಳುವುದಿಲ್ಲ. ಸೆಳವು ಬಾರದಂತೆ ಅದುಮಿ ಹಿಡಿಯುತ್ತವೆ. ಇಂತಹ ಮಾತ್ರೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಅತ್ಯಂತ ಹಳೆಯದು ಫಿನೋಬಾರ್ಬಿಟೋನ್. ಗಾರ್ಡಿನಾಲ್ ಎಂಬ ಹೆಸರಿನಿಂದ ನಮ್ಮಲ್ಲಿ ಅನೇಕರು ಇದನ್ನು ಬಲ್ಲರು. ನಾನು ವೈದ್ಯನಲ್ಲ, ಬ್ಯಾಂಕ್ ನೌಕರ. ಆದರೂ ಪ್ರತಿ ಕುಟುಂಬವೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಸರಳವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಹುಟ್ಟಿ ಬಂದ ಬಗೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ವೈದ್ಯರ ಬಳಿ ಮೂರ್ಛೆರೋಗಕ್ಕಿದ್ದ ಮುಖ್ಯ ಔಷಧ ಬ್ರೋಮೈಡ್ ಲವಣ. ಅದರಿಂದ ಮಂಕುತನ, ಚರ್ಮದ ತೊಂದರೆ ಮುಂತಾದ ಬಾಧೆಗಳು ವಿಪರೀತವಾಗಿದ್ದವು. 1912ರಲ್ಲಿ ಜರ್ಮನಿಯ ಬಾಯರ್ ಸಂಸ್ಥೆ ಲೂಮಿನಾಲ್ ಎಂಬ ಹೆಸರಿನಲ್ಲಿ ಫಿನೋಬಾರ್ಬಿಟೋನ್ ಅನ್ನು ನಿದ್ರೆಯ ಔಷಧವಾಗಿ ಮಾರುಕಟ್ಟೆಗೆ ತಂದಿತು. ಅದೇ ವರ್ಷ ಆಲ್ಫ್ರೆಡ್ ಹೌಪ್ಟ್‌ಮನ್ ಎಂಬ ಜರ್ಮನ್ ವೈದ್ಯರು, ಈ ಔಷಧ ಕೊಟ್ಟ ರೋಗಿಗಳಲ್ಲಿ ಮೂರ್ಛೆಯ ಸೆಳವುಗಳೇ ಕಡಿಮೆಯಾಗುವುದನ್ನು ಕಂಡು ಪ್ರಕಟಿಸಿದರು. ನಿದ್ರೆಗೆಂದು ಹುಟ್ಟಿದ ಮಾತ್ರೆ ಹೀಗೆ ಮೂರ್ಛೆರೋಗದ ಮಾತ್ರೆಯಾಯಿತು.

ನಮ್ಮ ಮಿದುಳಿನ ನರಕೋಶಗಳು ವಿದ್ಯುತ್ ಸಂಕೇತಗಳ ಮೂಲಕ ಪರಸ್ಪರ ವ್ಯವಹರಿಸುತ್ತವೆ. ಅಸಂಖ್ಯ ಕೋಶಗಳು ಏಕಕಾಲದಲ್ಲಿ ಲಂಗುಲಗಾಮಿಲ್ಲದೆ ಉದ್ರೇಕಗೊಂಡಾಗ ಸೆಳವು ಉಂಟಾಗುತ್ತದೆ. ಈ ಉದ್ರೇಕಕ್ಕೆ ಕಡಿವಾಣ ಹಾಕಲು ಮಿದುಳಿನಲ್ಲೇ ಗಾಬಾ ಎಂಬ ರಾಸಾಯನಿಕವಿದೆ. ಫಿನೋಬಾರ್ಬಿಟೋನ್ ಆ ಗಾಬಾದ ಕೈ ಬಲಪಡಿಸುತ್ತದೆ.

ಇಂದಿಗೂ ಏಕೆ ಬೇಕು?

ಸೋಡಿಯಂ ವ್ಯಾಲ್ಪ್ರೊಯೇಟ್, ಲೆವೆಟಿರಾಸಿಟಾಮ್ ಮುಂತಾದ ಔಷಧಗಳು ಬಂದ ಮೇಲೆ ಮಹಾನಗರಗಳ ನರರೋಗ ತಜ್ಞರು ಹೊಸ ರೋಗಿಗಳಿಗೆ ಫಿನೋಬಾರ್ಬಿಟೋನ್ ಬರೆಯುವುದು ಕಡಿಮೆಯಾಗಿದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಇದರ ಸ್ಥಾನ ಭದ್ರವಾಗಿದೆ. ಕಾರಣ, ಇದರ ಬೆಲೆ ಅತ್ಯಲ್ಪ. ಸಾಮಾನ್ಯವಾಗಿ ದಿನಕ್ಕೊಮ್ಮೆ ರಾತ್ರಿ ನುಂಗಿದರೆ ಸಾಕು. ಹಲವು ಬಗೆಯ ಸೆಳವುಗಳಿಗೆ ಫಲಕಾರಿ. ನವಜಾತ ಶಿಶುಗಳ ಸೆಳವಿಗೆ ವೈದ್ಯರು ಇಂದಿಗೂ ಮೊದಲು ನೆಚ್ಚುವುದು ಇದನ್ನೇ. ಆದರೆ ಮಕ್ಕಳು ಕ್ಷಣಕಾಲ ಶೂನ್ಯದೃಷ್ಟಿಯಿಂದ ನಿಂತುಬಿಡುವ ಬಗೆಯ ಮೂರ್ಛೆಗೆ ಇದು ಸಲ್ಲದು.

ಈ ಮಾತ್ರೆಯ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಒಂದು ಪುಟವಿದೆ. ಬೆಂಗಳೂರಿನ ಹಿರಿಯ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಅವರೂ ಸಹೋದ್ಯೋಗಿಗಳೂ ಯಳಂದೂರು ಸೀಮೆಯ ಹಳ್ಳಿಗಳಲ್ಲಿ ಮೂರ್ಛೆರೋಗಿಗಳನ್ನು ಗುರುತಿಸಿ, ಫಿನೋಬಾರ್ಬಿಟೋನ್ ಅಥವಾ ಫೆನಿಟಾಯಿನ್ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಅಲ್ಪವೆಚ್ಚದ ಈ ಮಾತ್ರೆಗಳಿಂದಲೇ ಹಳ್ಳಿಗಾಡಿನಲ್ಲಿ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದ ಆ ಅಧ್ಯಯನ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಎಚ್ಚರಿಕೆಯ ಮಾತುಗಳು

ಇಷ್ಟೆಲ್ಲ ಗುಣಗಳಿದ್ದರೂ ಇದು ನಿರಪಾಯಕಾರಿ ಔಷಧವಲ್ಲ. ಆರಂಭದಲ್ಲಿ ತೂಕಡಿಕೆ, ಮಂಕುತನ ಸಾಮಾನ್ಯ. ಕೆಲವು ಮಕ್ಕಳಲ್ಲಿ ಇದಕ್ಕೆ ವಿರುದ್ಧವಾಗಿ ಚಡಪಡಿಕೆ, ಸಿಡುಕು ಕಾಣಿಸಿಕೊಂಡು ಓದಿನಲ್ಲಿ ಗಮನ ಕುಂದುತ್ತದೆ. ಇದನ್ನು ತುಂಟತನವೆಂದು ದಂಡಿಸದೆ ವೈದ್ಯರಿಗೆ ತಿಳಿಸಬೇಕು. ವೃದ್ಧರಲ್ಲಿ ಗೊಂದಲ ಉಂಟಾಗಿ ಬೀಳುವ ಸಂಭವವಿದೆ. ಮೊದಲ ಕೆಲವು ವಾರಗಳಲ್ಲಿ ಜ್ವರದೊಡನೆ ಮೈಮೇಲೆ ಗಂದೆ ಎದ್ದರೆ ಅಥವಾ ಬಾಯಿ ಹುಣ್ಣಾದರೆ ಅದು ಪ್ರಾಣಾಪಾಯದ ಸೂಚನೆಯಾಗಿರಬಹುದು. ಆ ದಿನವೇ ವೈದ್ಯರನ್ನು ಕಾಣತಕ್ಕದ್ದು. ದೀರ್ಘಕಾಲ ಸೇವಿಸುವವರ ಮೂಳೆಗಳು ದುರ್ಬಲವಾಗುವುದುಂಟು. ಪೋರ್ಫೈರಿಯ ಎಂಬ ಆನುವಂಶಿಕ ಕಾಯಿಲೆಯುಳ್ಳವರಿಗೆ ಇದು ನಿಷಿದ್ಧ.

ಮದ್ಯದೊಡನೆ ಅಥವಾ ಇತರ ನಿದ್ರೆಮಾತ್ರೆಗಳೊಡನೆ ಸೇರಿದರೆ ಉಸಿರಾಟವೇ ಕುಂಠಿತವಾದೀತು. ಅಲ್ಲದೆ ಈ ಔಷಧವು ಯಕೃತ್ತಿನ ಕಾರ್ಯವನ್ನು ಚುರುಕುಗೊಳಿಸಿ ಬೇರೆ ಔಷಧಗಳು ಬೇಗ ಕರಗುವಂತೆ ಮಾಡುತ್ತದೆ. ಗರ್ಭನಿರೋಧಕ ಮಾತ್ರೆಗಳು ಮತ್ತು ಹೃದ್ರೋಗಿಗಳು ಸೇವಿಸುವ ವಾರ್ಫರಿನ್ ಈ ಕಾರಣದಿಂದ ನಿಷ್ಫಲವಾಗಬಹುದು. ಯಾವ ವೈದ್ಯರ ಬಳಿ ಹೋದರೂ ಈ ಮಾತ್ರೆ ಸೇವಿಸುತ್ತಿರುವುದನ್ನು ಮೊದಲು ಹೇಳಬೇಕು. ಗರ್ಭಸ್ಥ ಶಿಶುವಿಗೆ ಇದರಿಂದ ಕೆಲಮಟ್ಟಿನ ಅಪಾಯವುಂಟು. ಹಾಗೆಂದು ಹೆದರಿ ಮಾತ್ರೆ ಬಿಟ್ಟರೆ ಸೆಳವಿನಿಂದ ತಾಯಿ ಮಗು ಇಬ್ಬರಿಗೂ ಅಪಾಯ. ಗರ್ಭಧರಿಸುವ ಮುನ್ನವೇ ತಜ್ಞರ ಸಲಹೆ ಪಡೆಯುವುದು ವಿವೇಕ.

ಥಟ್ಟನೆ ನಿಲ್ಲಿಸಬೇಡಿ

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇದು. ಉಳಿತಾಯ ಖಾತೆಯಲ್ಲಿ ಹಣ ಕೂಡಿಬರುವಂತೆ ಈ ಔಷಧವು ರಕ್ತದಲ್ಲಿ ನಿಧಾನವಾಗಿ ಶೇಖರವಾಗಿ, ಸುಮಾರು ಮೂರು ವಾರಗಳಲ್ಲಿ ಸ್ಥಿರಮಟ್ಟಕ್ಕೆ ಬರುತ್ತದೆ. ಮಿದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಥಟ್ಟನೆ ನಿಲ್ಲಿಸಿದರೆ ಮರುದಿನವೇ ಏನೂ ಆಗದಿರಬಹುದು. ಆದ್ದರಿಂದಲೇ ಜನ ಮೋಸಹೋಗುತ್ತಾರೆ. ಕೆಲವು ದಿನಗಳಲ್ಲಿ ಶೇಖರಣೆ ಇಳಿದಾಗ, ಒಂದರ ಹಿಂದೊಂದು ಬಿಡುವಿಲ್ಲದ ಸೆಳವುಗಳು ಬಂದು ಪ್ರಾಣಕ್ಕೇ ಕುತ್ತಾಗಬಹುದು. ವರ್ಷಗಳ ಕಾಲ ಸೆಳವು ಬಾರದವರಿಗೆ ವೈದ್ಯರೇ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಪ್ರಮಾಣ ಇಳಿಸಿ ನಿಲ್ಲಿಸುವುದುಂಟು. ಅದು ಅವರ ನಿರ್ಧಾರವಾಗಿರಬೇಕು. ಒಂದು ದಿನ ಮರೆತರೆ ಮರುದಿನ ಎರಡು ನುಂಗುವುದೂ ಸಲ್ಲದು.

ಹೊರನಾಡ ಕನ್ನಡಿಗರಾದ ನಾವು ಬೇಸಿಗೆಯ ರಜೆ, ಜಾತ್ರೆ, ಮದುವೆ, ಮುಂಜಿಗಳಿಗೆ ಊರಿಗೆ ಹೋಗುವವರು. ಈ ಔಷಧ ವೈದ್ಯರ ಚೀಟಿಯಿಲ್ಲದೆ ಸಿಗದು. ಚೀಟಿಯಿದ್ದರೂ ಸಣ್ಣ ಊರಿನ ಅಂಗಡಿಯಲ್ಲಿ ದಾಸ್ತಾನಿರದೆ ಹೋಗಬಹುದು. ಹೊರಡುವಾಗ ಬೇಕಾದುದಕ್ಕಿಂತ ವಾರದಷ್ಟು ಹೆಚ್ಚು ಮಾತ್ರೆಗಳೂ ಚೀಟಿಯೂ ಜೊತೆಗಿರಲಿ, ಅದೂ ಕೈಚೀಲದಲ್ಲಿ. ನಿದ್ರೆಗೆಡುವುದು ಸೆಳವನ್ನು ಪ್ರಚೋದಿಸುತ್ತದೆ. ಮೂರ್ಛೆರೋಗವುಳ್ಳವರು ಇಡೀ ರಾತ್ರಿಯ ಯಕ್ಷಗಾನವನ್ನು ಅರ್ಧಕ್ಕೇ ಬಿಟ್ಟು ಎದ್ದರೆ ಯಾರೂ ತಪ್ಪು ತಿಳಿಯಬಾರದು.

ಮಾತ್ರೆ ತಪ್ಪುವುದಕ್ಕೆ ಮರೆವಿಗಿಂತ ದೊಡ್ಡ ಕಾರಣ ಮುಚ್ಚುಮರೆ. ಮಗಳ ಕಾಯಿಲೆಯನ್ನು ಅಡಗಿಸಿ ಮದುವೆ ಮಾಡಿದರೆ, ಆ ಹುಡುಗಿ ಗಂಡನ ಮನೆಯಲ್ಲಿ ಮಾತ್ರೆ ನುಂಗಲು ಹೆದರುತ್ತಾಳೆ. ಹೊಸ ಬಾಳಿನ ಮೊದಲ ವಾರಗಳಲ್ಲೇ ಬೀಳುತ್ತಾಳೆ. ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಆದ ತಿದ್ದುಪಡಿಯು ಮೂರ್ಛೆರೋಗವನ್ನು ವಿವಾಹಕ್ಕೆ ಅಡ್ಡಿಯೆಂದು ಹೆಸರಿಸಿತ್ತು. 1999ರಲ್ಲಿ ಸಂಸತ್ತು ಆ ಪದವನ್ನು ತೆಗೆದುಹಾಕಿತು. ಕಾನೂನು ಬಿಟ್ಟುಕೊಟ್ಟುದನ್ನು ನಮ್ಮ ಮನಸ್ಸು ಇನ್ನೂ ಬಿಟ್ಟಿಲ್ಲ.

ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಾವು ಹತ್ತು ಜನರೆದುರು ಸಂಕೋಚವಿಲ್ಲದೆ ನುಂಗುತ್ತೇವೆ. ಮೂರ್ಛೆರೋಗದ ಮಾತ್ರೆಗೂ ಅಷ್ಟೇ ಗೌರವ ಸಿಗಲಿ. ಸಂಬಂಧ ಕುದುರಿಸುವಾಗ ನಿಜವನ್ನು ಹೇಳುವ ಧೈರ್ಯ ಒಂದು ಕಡೆಯವರಿಗೂ, ಅದನ್ನು ಸಮಾಧಾನದಿಂದ ಕೇಳುವ ಔದಾರ್ಯ ಇನ್ನೊಂದು ಕಡೆಯವರಿಗೂ ಬರಲಿ. ಆಗ ಅಗ್ಗದ ಈ ಹಳೆಯ ಮಾತ್ರೆ ತನ್ನ ಕೆಲಸವನ್ನು ತಾನು ಮಾಡಿಕೊಂಡು ಹೋದೀತು.