ರೀಸ್ ಬಯಲಿನ ಸಾಕ್ಷಿಶಿಲೆ

ದಕ್ಷಿಣ ಜರ್ಮನಿಯ ನೊರ್ಡ್ಲಿಂಗೆನ್ ಪಟ್ಟಣದ ಸುತ್ತಣ ಹೊಲಗಳ ಕಾಲುದಾರಿಯಲ್ಲಿ ನಾವು ನಡೆಯುವಾಗ, ಸುಮಾರು 24 ಕಿಲೋಮೀಟರು ಅಗಲದ ಬೋಗುಣಿಯೊಂದರೊಳಗೆ ಇದ್ದೇವೆಂಬುದು ಹೊಳೆಯುವುದೇ ಇಲ್ಲ. ದೂರದಲ್ಲಿ ಕಾಣುವ ಕಾಡುಗುಡ್ಡಗಳೇ ಅದರ ಅಂಚು. ಇದು ಜ್ವಾಲಾಮುಖಿಯ ಕೆಲಸವೆಂದು ಅನೇಕ ವಿದ್ವಾಂಸರು ಬಹುಕಾಲ ನಂಬಿದ್ದರು. ಅಲ್ಲಿಯ ಬೂದುಬಣ್ಣದ ಸುಯೆವೈಟ್ ಶಿಲೆ ಜ್ವಾಲಾಮುಖಿಯ ಬೂದಿಗಲ್ಲನ್ನೇ ಹೋಲುವುದರಿಂದ ಆ ನಂಬಿಕೆ ಸಹಜವೇ ಆಗಿತ್ತು. 1960ರಲ್ಲಿ ಅಮೆರಿಕದ ಯೂಜೀನ್ ಶೂಮೇಕರ್ ಮತ್ತು ಎಡ್ವರ್ಡ್ ಚಾವೊ ಅವರು ಈ ಶಿಲೆಯಲ್ಲಿ ಕೋಯೆಸೈಟನ್ನು ಕಂಡುಹಿಡಿದರು. ಬೆಣಚು ಈ ರೂಪವನ್ನು ತಳೆಯಲು ಬೇಕಾದ ಒತ್ತಡವನ್ನು ನೆಲದ ಮೇಲೆ ಯಾವ ಜ್ವಾಲಾಮುಖಿಯೂ ಒದಗಿಸಲಾರದು, ಸುಮಾರು 1.5 ಕೋಟಿ ವರ್ಷಗಳ ಹಿಂದೆ ಬಾನಿನಿಂದ ಬಂದೆರಗಿದ ಕ್ಷುದ್ರಗ್ರಹವು ಒದಗಿಸಿತು. ಸೋಜಿಗವೆಂದರೆ, ಆ ಸಾಕ್ಷ್ಯ ಊರ ನಡುವೆಯೇ ನಿಂತಿತ್ತು: ಅಲ್ಲಿಯ ಸಂತ ಜಾರ್ಜರ ಇಗರ್ಜಿಯನ್ನು ಕಟ್ಟಿರುವುದು ಸುಯೆವೈಟಿನಿಂದಲೇ! 1970ರಲ್ಲಿ ಅಪೊಲೊ 14ರ ಗಗನಯಾತ್ರಿಗಳು ಚಂದ್ರನಿಗೆ ಹೊರಡುವ ಮುನ್ನ ಕಲ್ಲು ಗುರುತಿಸುವ ಪಾಠವನ್ನು ಕಲಿಯಲು ಈ ಬಯಲಿಗೆ ಬಂದಿದ್ದರು.