ಬ್ಲೇಡು ಕಚ್ಚಿ ಹಿಡಿಯುವ ಬಾಯಿ

ಮದ್ದೂರು ದಾಟಿ ಮಂಡ್ಯದ ಕಡೆ ಹೊರಟರೆ ಹೆದ್ದಾರಿಯ ಬದಿಗೇ ಸಿಗುವ ಗೆಜ್ಜಲಗೆರೆ ಎಂದರೆ ಜನಕ್ಕೆ ಮೊದಲು ನೆನಪಾಗುವುದು ಮನ್‌ಮುಲ್ ಡೇರಿ, ಆಮೇಲೆ ಅಲ್ಲಿನ ಕೈಗಾರಿಕಾ ಪ್ರದೇಶ. ಇಂಥ ಊರಿನಲ್ಲಿ ಪೈಪು, ಆ್ಯಂಗಲ್ಲು ಕತ್ತರಿಸುವುದು, ಹಳೇ ಕಿಟಕಿ ಚೌಕಟ್ಟು ಕಳಚುವುದು, ತೋಟದಲ್ಲಿ ಅಡ್ಡ ಬಂದ ಕೊಂಬೆ ತೆಗೆಯುವುದು ದಿನನಿತ್ಯದ ಕೆಲಸ. ಈ ಎಲ್ಲಕ್ಕೂ ಒದಗುವ ಒಂದು ಉಪಕರಣವೆಂದರೆ ಬ್ಲೇಡು ಹಿಂದಕ್ಕೂ ಮುಂದಕ್ಕೂ ಓಡುವ ಕರೆಂಟು ಅಥವಾ ಬ್ಯಾಟರಿ ಗರಗಸ. ಮರಕ್ಕೆ ಒಂದು ಬ್ಲೇಡು, ಕಬ್ಬಿಣಕ್ಕೆ ಇನ್ನೊಂದು. ಬದಲಿಸಿಕೊಂಡರೆ ಒಂದೇ ಮಿಷಿನ್ ಸಾಕು. ಕೊಳ್ಳುವವರು ಮೋಟಾರು ಎಷ್ಟು ವ್ಯಾಟ್, ವಾರಂಟಿ ಎಷ್ಟು ವರ್ಷ ಎಂದು ಕೇಳುತ್ತಾರೆ. ಬ್ಲೇಡನ್ನು ಕಚ್ಚಿ ಹಿಡಿಯುವ ಬಾಯಿ ಹೇಗಿದೆ ಎಂದು ಬಗ್ಗಿ ನೋಡುವವರು ಕಡಿಮೆ. ಕೊಯ್ತ ನೇರವಾಗಿ ಬರುವುದೂ, ಕೆಲಸಗಾರನ ಕೈ ಕ್ಷೇಮವಾಗಿರುವುದೂ ಮೋಟಾರಿಗಿಂತ ಹೆಚ್ಚಾಗಿ ಆ ಬಾಯಿಯನ್ನು ಅವಲಂಬಿಸಿವೆ. ಬ್ಲೇಡಿನ ತೂತಿಗೆ ಪಿನ್ನು ಸಿಕ್ಕಿಸಿ, ಸ್ಪ್ರಿಂಗಿನ ಬಲದಿಂದ ತಾನೇ ಬಿಗಿಯುವ ಲಾಕ್, ಬರೀ ಸ್ಕ್ರೂ ಬಿಗಿತಕ್ಕಿಂತ ಮೇಲು ಎಂಬುದು ನನ್ನ ವಾದ.

ಈ ಜಾತಿಯ ಗರಗಸಗಳಲ್ಲಿ ಚಿಕ್ಕದು ಬಡಗಿಗಳ ಕೈಯಲ್ಲಿರುವ ಜಿಗ್‌ಸಾ. ಅದು ಹುಟ್ಟಿದ್ದೇ ಹೊಲಿಗೆ ಯಂತ್ರದಿಂದ. ಸ್ವಿಟ್ಜರ್‌ಲೆಂಡಿನ ಸಿಂಟಿಲಾ ಕಂಪನಿಯ ಎಂಜಿನಿಯರ್ ಆಲ್ಬರ್ಟ್ ಕೌಫ್‌ಮನ್ 1946ರಲ್ಲಿ ಹೊಲಿಗೆ ಯಂತ್ರದ ಸೂಜಿ ತೆಗೆದು ಆ ಜಾಗದಲ್ಲಿ ಗರಗಸದ ಬ್ಲೇಡು ಕೂರಿಸಿದರು. ದಪ್ಪ ಕೆಲಸದ ದೊಡ್ಡ ಗರಗಸವನ್ನು ಅಮೆರಿಕದ ಮಿಲ್ವಾಕೀ ಕಂಪನಿ 1951ರಲ್ಲಿ ಮಾರುಕಟ್ಟೆಗೆ ತಂದಿತು. ಮನೆಯಲ್ಲಿ ಹೊಲಿಗೆ ಯಂತ್ರ ಇದ್ದವರು ಅದರ ಸೂಜಿ ನಿಲ್ಲುವ ಬಗೆ ನೋಡಿಯೇ ಇರುತ್ತಾರೆ. ಸೂಜಿಯ ಒಂದು ಮೈ ಚಪ್ಪಟೆ. ಪಕ್ಕದ ಪುಟ್ಟ ಸ್ಕ್ರೂ ಅದನ್ನು ಅದುಮಿ ಹಿಡಿಯುತ್ತದೆ. ಬಟ್ಟೆ ಚುಚ್ಚುವ ಸೂಜಿಗೆ ಅಷ್ಟು ಸಾಕು. ಕಬ್ಬಿಣ ಕೊಯ್ಯುವ ಬ್ಲೇಡಿನ ಮೇಲೆ ಬೀಳುವ ಬಲವೇ ಬೇರೆ. ದೊಡ್ಡ ಗರಗಸದ ಬ್ಲೇಡು ಒಂದು ಸಲಕ್ಕೆ ಸುಮಾರು 28 ಮಿಲಿಮೀಟರ್ ಓಡುತ್ತದೆ. ಪೂರ್ತಿ ವೇಗದಲ್ಲಿ ನಿಮಿಷಕ್ಕೆ 2,800 ಸಲದಷ್ಟು. ಹೋಗಿ ಬರುವಾಗ ಎರಡು ತುದಿಯಲ್ಲೂ ದಿಕ್ಕು ಬದಲಾಗುವುದರಿಂದ ನಿಮಿಷಕ್ಕೆ 5,600 ಸಲ ಬ್ಲೇಡು ತಟ್ಟನೆ ನಿಂತು ಹಿಂತಿರುಗಬೇಕು. ಲೆಕ್ಕ ಹಾಕಿದರೆ ಆ ತಿರುವಿನಲ್ಲಿ ಬ್ಲೇಡಿನ ಮೇಲೆ ಅದರ ತೂಕದ ಸುಮಾರು 120 ಪಟ್ಟು ಬಲ ಬೀಳುತ್ತದೆ. 30 ಗ್ರಾಂ ಬ್ಲೇಡು ಮೂರೂವರೆ ಕಿಲೋ ತೂಗುಬಿಟ್ಟಂತೆ ಜಗ್ಗುತ್ತದೆ. ಇನ್ನೂ ಹಲ್ಲು ಏನನ್ನೂ ಕೊಯ್ದಿಲ್ಲ, ಇದು ಬರೀ ಗಾಳಿಯಲ್ಲಿ ಓಡಿಸಿದಾಗಿನ ಮಾತು.

ಜಗ್ಗಾಟದ ಜೊತೆಗೆ ಅಲುಗಾಟವೂ ಇದೆ. ಕೈಯಲ್ಲಿ ಎಳೆಯುವ ಹ್ಯಾಕ್ಸಾದಲ್ಲಿ ಬ್ಲೇಡಿನ ಎರಡೂ ತುದಿಗೆ ತೂತು, ಎರಡೂ ಕಡೆ ಪಿನ್ನು. ನಟ್ಟು ತಿರುವಿದರೆ ಬ್ಲೇಡು ತಂತಿಯಂತೆ ಸೆಟೆದು ನಿಲ್ಲುತ್ತದೆ. ಮಿಷಿನ್ ಗರಗಸಕ್ಕೆ ಆ ಅನುಕೂಲ ಇಲ್ಲ, ಹಿಡಿತ ಒಂದೇ ತುದಿಯಲ್ಲಿ. ಅರ್ಧ ಇಂಚು ಅಗಲದ ಬಾಲ, ಅದರಲ್ಲೊಂದು ತೂತು, ಬಾಲ ಮುಗಿಯುವಲ್ಲಿ ಎರಡು ಭುಜ, ಇಷ್ಟೇ ಆಧಾರ. ಬಾಯಿಯೊಳಗೆ ಕೂತ ಬಾಲ 20 ಮಿಲಿಮೀಟರ್, ಹೊರಗೆ ಚಾಚಿದ ಬ್ಲೇಡು 200 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಒಳಗೆ ಮಿಲಿಮೀಟರಿನ ಹತ್ತನೇ ಒಂದು ಪಾಲು ಸಡಿಲವಿದ್ದರೆ ಹೊರಗಿನ ತುದಿ ಒಂದು ಮಿಲಿಮೀಟರ್ ಓಲಾಡುತ್ತದೆ. ಕೊಯ್ತ ಸೊಟ್ಟಗಾಗುವುದಕ್ಕೆ ಕೆಲಸಗಾರನ ಕೈ ನಡುಕವನ್ನು ಬೈಯುವ ಮೊದಲು ಈ ಸಡಿಲವನ್ನು ನೋಡಬೇಕು. ಓಲಾಡುವ ಬ್ಲೇಡು ತೂತಿನ ಸುತ್ತಲೇ ಮತ್ತೆ ಮತ್ತೆ ಬಳುಕಿ, ದಣಿದು, ಅಲ್ಲೇ ಮುರಿಯುತ್ತದೆ.

ಹಿಡಿತ ಮಾಡಬೇಕಾದ ಕೆಲಸ ಹೀಗೆ ಎರಡಾಯಿತು: ಬ್ಲೇಡು ಹೊರಬೀಳದಂತೆ ತಡೆಯುವುದು, ಅಲುಗದಂತೆ ಅದುಮುವುದು. ಹಳೇ ಬಗೆಯ ಮಿಷಿನ್ನುಗಳಲ್ಲಿ ಅಲೆನ್ ಕೀ ಹಾಕಿ ಸ್ಕ್ರೂ ಬಿಗಿಯಬೇಕು. ಅಗ್ಗದ ಕೆಲವು ಬಾಯಿಗಳಲ್ಲಿ ಎರಡೂ ಕೆಲಸ ಆ ಸ್ಕ್ರೂವಿನ ಒತ್ತಡದ ಮೇಲೆಯೇ ನಿಂತಿದೆ. ಹೊಸ ಬಗೆಯಲ್ಲಿ ಉಂಗುರದಂಥ ಕಾಲರನ್ನು ತಿರುಗಿಸಿ ಬ್ಲೇಡು ತೂರಿಸಿದರೆ ಪಿನ್ನು ತೂತಿಗೆ ಇಳಿಯುತ್ತದೆ. ಕಾಲರ್ ಬಿಟ್ಟೊಡನೆ ಸ್ಪ್ರಿಂಗ್ ಅದನ್ನು ಅಲ್ಲೇ ಬಂಧಿಸುತ್ತದೆ. ಜಗ್ಗುವ ಬಲ ಪಿನ್ನಿಗೆ ಹೋಯಿತು, ಅದುಮುವ ಕೆಲಸ ಸ್ಪ್ರಿಂಗಿಗೆ ಬಂತು. ಸ್ಕ್ರೂ ಬಿಗಿತವನ್ನು ನೆಚ್ಚಬಾರದು ಎನ್ನುವುದಕ್ಕೆ ಗಟ್ಟಿ ಆಧಾರ ಇದೆ. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ: ಬಿಗಿ ಮಾಡಿದ ಸ್ಕ್ರೂ ಕೂಡ ಜಾರುವಷ್ಟು ಅಡ್ಡಡ್ಡ ಅಲುಗಾಟಕ್ಕೆ ಸಿಕ್ಕರೆ ತಾನೇ ತಾನಾಗಿ ತಿರುಗಿ ಸಡಿಲಾಗುತ್ತದೆ. ಈ ಗರಗಸದೊಳಗೆ ಇರುವುದೇ ಅಲುಗಾಟ.

ಅನುಭವಸ್ಥ ಮೇಸ್ತ್ರಿಗಳ ಆಕ್ಷೇಪ ಹಗುರವಾದದ್ದಲ್ಲ. ಸ್ಕ್ರೂ ಆದರೆ ಎಷ್ಟು ಬಿಗಿಯಿತು ಎಂಬುದು ಕೈಗೆ ಗೊತ್ತಾಗುತ್ತದೆ, ಕಾಲರಿನೊಳಗೆ ಮರದ ಹುಡಿ, ಗಾರೆ ಧೂಳು ಹೊಕ್ಕರೆ ಪಿನ್ನು ಅರ್ಧಕ್ಕೇ ನಿಲ್ಲುತ್ತದೆ ಎನ್ನುತ್ತಾರೆ. ಧೂಳಿನ ಮಾತು ನಿಜ. ಹಸಿ ಕೊಂಬೆ ಕೊಯ್ದಾಗಲಂತೂ ಸೊನೆ ಮೆತ್ತಿಕೊಂಡು ಕಾಲರ್ ತಿರುಗುವುದೇ ಕಷ್ಟ. ಆದರೆ ಅರ್ಧಕ್ಕೆ ನಿಂತ ಪಿನ್ನನ್ನು ಪತ್ತೆಹಚ್ಚುವುದು ಸುಲಭ: ಬ್ಲೇಡನ್ನು ಹಿಡಿದು ಒಮ್ಮೆ ಎಳೆದರೆ ಕೈಗೇ ಬಂದುಬಿಡುತ್ತದೆ. ಸಡಿಲಾಗಲಿರುವ ಸ್ಕ್ರೂ ಶುರುವಿನಲ್ಲಿ ಬಿಗಿಯಾಗಿಯೇ ಇರುತ್ತದೆ, ಕೈಕೊಡುವುದು ಕೆಲಸದ ನಡುವೆ. ಪರೀಕ್ಷೆಗೆ ಸಿಗುವ ದೋಷ ಸಿಗದ ದೋಷಕ್ಕಿಂತ ವಾಸಿ. ಇನ್ನೊಂದೂ ಇದೆ. ಅಲೆನ್ ಕೀ ಎಲ್ಲೋ ಬಿದ್ದುಹೋದರೆ ಮರದ ಬ್ಲೇಡಿನಲ್ಲೇ ಮೊಳೆ ಕೊಯ್ಯುವ ಆಸೆ ಹುಟ್ಟುತ್ತದೆ. ನೆಲಕ್ಕೆ ಒತ್ತಿದಂತೆ ಕೊಯ್ಯಲು ಬ್ಲೇಡನ್ನು ಹಲ್ಲು ಮೇಲಾಗಿ ತಿರುಗಿಸಿ ಹಾಕುವ ಉಪಾಯವನ್ನಂತೂ ಯಾರೂ ಮಾಡುವುದಿಲ್ಲ. ಬದಲಿಸುವುದು ಸಲೀಸಾದರೆ ಮಾತ್ರ ತಕ್ಕ ಬ್ಲೇಡು ತಕ್ಕ ಕೆಲಸಕ್ಕೆ ಬರುತ್ತದೆ.

ಗ್ರೈಂಡರ್ ಇರುವಾಗ ಈ ಮಿಷಿನ್ನೇ ಏಕೆ ಎನ್ನುವವರೂ ಇದ್ದಾರೆ. ವೆಲ್ಡಿಂಗ್ ಅಂಗಡಿಯ ಬಯಲಲ್ಲಿ ಗ್ರೈಂಡರ್ ಸರಿಯೇ. ಗೋಡೆಗೆ ಅಂಟಿದ ಪೈಪಿಗೆ ಅದರ ಚಕ್ರ ಹೊಗುವುದಿಲ್ಲ. ಒಣಹುಲ್ಲು, ತೆಂಗಿನ ಗರಿ ಇರುವ ಕಡೆ ಅದರ ಕಿಡಿ ಅಪಾಯ.

ಎಷ್ಟೇ ಒಳ್ಳೆಯ ಲಾಕ್ ಇದ್ದರೂ ಬಳಸುವವರ ಪಾಲಿನ ಕೆಲಸ ಉಳಿದೇ ಇರುತ್ತದೆ. ಬ್ಲೇಡು ಬದಲಿಸುವ ಮುನ್ನ ಪ್ಲಗ್ ಕೀಳಬೇಕು, ಬ್ಯಾಟರಿಯದಾದರೆ ಬ್ಯಾಟರಿ ತೆಗೆಯಬೇಕು. ಆಗತಾನೇ ಕಬ್ಬಿಣ ಕೊಯ್ದ ಬ್ಲೇಡು ಬೆರಳು ಸುಡುತ್ತದೆ. ಮಿಷಿನ್ನಿನ ಮುಂದಿನ ಪಾದವನ್ನು ಕೊಯ್ಯುವ ವಸ್ತುವಿಗೆ ಒತ್ತಿ ಹಿಡಿಯದಿದ್ದರೆ ಏಟೆಲ್ಲ ಬಾಲದ ಮೇಲೆ ಬೀಳುತ್ತದೆ. ಬಾಲ ಒಳಗೇ ಮುರಿದು ಉಳಿದರೆ ಕಾಲರ್ ತೆರೆದು, ಮಿಷಿನ್ನನ್ನು ಬೋರಲು ಹಿಡಿದು ಮೆಲ್ಲಗೆ ತಟ್ಟಿರಿ. ಬೆರಳು ತೂರಿಸಬೇಡಿ. ಕೆಲಸ ಮುಗಿದ ಮೇಲೆ ಬ್ರಷ್ಷಿನಿಂದ ಬಾಯಿಯ ಧೂಳು ತೆಗೆಯಿರಿ. ಮಿಷಿನ್ ಕೊಳ್ಳುವಾಗ ಅಂಗಡಿಯಲ್ಲೇ ಒಂದು ಬ್ಲೇಡು ಹಾಕಿಸಿ, ಎಳೆದು ನೋಡಿ, ತುದಿ ಹಿಡಿದು ಅಕ್ಕಪಕ್ಕ ಅಲುಗಿಸಿ. ಬಾಯಿ ಸಡಿಲವಿದ್ದರೆ ಎಷ್ಟು ರಿಯಾಯಿತಿ ಕೊಟ್ಟರೂ ಅದನ್ನು ಕೊಳ್ಳಬೇಡಿ.